ನಾಲ್ಕು ಹೆಬ್ಬೆಟ್ಟು

ನಮ್ಮಪ್ಪ ಮಚ್ಚೇಂದ್ರನಿಗೆ ಓದು ಬರುತ್ತಿರಲಿಲ್ಲ. ಆದರೆ ಊರಿನ ಸರ್ಕಾರಿ ಕಾಗದವೆಲ್ಲ ಅವನ ಬೆನ್ನ ಮೇಲೇ ಹೋಗುತ್ತಿತ್ತು, ಅವನ ಬೆನ್ನ ಮೇಲೇ ಬರುತ್ತಿತ್ತು. ಅದು ನಮ್ಮ ಮನೆತನಕ್ಕೆ ಅಂಟಿದ ಚಾಕರಿ. ಹೊಲಗೇರಿಯವರು ಸತ್ತ ದನ ಎಳೆಯಬೇಕು, ಗಟಾರ ಬಳಿಯಬೇಕು, ಪಾಟೀಲನ ತಪಾಲು ಚೀಲ ಹೊತ್ತು ತಾಲ್ಲೂಕು ಕಚೇರಿಗೆ ನಡೆಯಬೇಕು. ಹನ್ನೆರಡು ಮೈಲು. ಮರುದಿನ ಅಷ್ಟೇ ದಾರಿ ವಾಪಸ್ಸು. ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೇಳಿದರೆ ಮೊರದಲ್ಲಿ ಜೋಳ ಸುರಿಯುತ್ತಿದ್ದರು. ಅದೂ ಕಣ ಗುಡಿಸಿದ ಜೋಳ, ಅರ್ಧ ಮಣ್ಣು.

ನಮ್ಮೂರು ಹುಮನಾಬಾದಿಗೂ ಕಲ್ಯಾಣಕ್ಕೂ ನಡುವೆ ಇದೆ. ಕಚೇರಿ ಯಾವುದೆಂದು ನಾನು ಹೇಳುವುದಿಲ್ಲ. ಹುಮನಾಬಾದಿನವರು ಅದು ಕಲ್ಯಾಣದ್ದು ಎಂದುಕೊಳ್ಳಲಿ, ಕಲ್ಯಾಣದವರು ಹುಮನಾಬಾದಿನದು ಎಂದುಕೊಳ್ಳಲಿ. ಎಲ್ಲ ಕಚೇರಿಯ ಮೇಜೂ ನಮ್ಮ ಎದೆಯ ಎತ್ತರಕ್ಕೇ ಇರುತ್ತದೆ.

ನಿಜಾಮನ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಕಚೇರಿಯ ಫಲಕ ಬದಲಾಯಿತು. ಚೀಲ ಬದಲಾಗಲಿಲ್ಲ, ಹೊರುವ ಬೆನ್ನೂ ಬದಲಾಗಲಿಲ್ಲ. ಅಪ್ಪನಿಗೆ ಆ ಚಾಕರಿಯ ಮೇಲೆ ಎಲ್ಲಿಲ್ಲದ ಅಭಿಮಾನ. ಒಮ್ಮೆ ಹಳ್ಳ ಬಂದಾಗ ಚೀಲ ತಲೆಗೆ ಕಟ್ಟಿಕೊಂಡು ಈಸಿದ್ದ. ದಡ ಹತ್ತಿದ ಮೇಲೆ ಮೊದಲು ಲಕ್ಕೋಟೆಯ ಅರಗಿನ ಮುದ್ರೆ ನೋಡಿದ, ಆಮೇಲೆ ತನ್ನ ಕಾಲಿಗಾದ ಗಾಯ. "ನಾಲ್ವತ್ತು ವರ್ಷದಾಗ ಒಂದ್ ಮುದ್ರಿ ಬಿರಕ ಬಿಟ್ಟಿಲ್ಲ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. 

ನಮ್ಮ ಕೇರಿಗೆ ಬಾವಿ ಇಲ್ಲ. ಊರ ಬಾವಿ ನಾವು ಮುಟ್ಟುವ ಹಾಗಿಲ್ಲ. ಕೆಂಪು ಕಲ್ಲಿನ ದಿಬ್ಬದ ಬುಡದಲ್ಲಿ ಒಂದು ಝರಾ ಇದೆ. ಕಲ್ಲಿನ ಸಂದಿಯಿಂದ ನೀರು ಒಸರಿ ಗುಂಡಿಯಲ್ಲಿ ನಿಲ್ಲುತ್ತದೆ. ಚಿಪ್ಪಿನಿಂದ ಗೋರಿ ಗೋರಿ ಕೊಡ ತುಂಬಬೇಕು. ಒಂದು ಕೊಡಕ್ಕೆ ಅರ್ಧ ತಾಸು. ಇದ್ದಷ್ಟು ನೀರು ತಿಳಿಯಾಗಿತ್ತು, ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಪಂಚಾಯ್ತಿಗೆ ಸರ್ಕಾರದಿಂದ ಕಲ್ಲಿನ ಗಟಾರ ಮಂಜೂರಾಯಿತು. ಊರ ಓಣಿಗಳಲ್ಲೆಲ್ಲ ಕಟ್ಟಿದರು. ಕಟ್ಟಿದರು ಎಂದರೆ ನಾವು ಕಟ್ಟಿದೆವು. ನಾನು ಕಲ್ಲು ಹೊತ್ತೆ. ಗಂಡ ದೇವಿದಾಸ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ನಾನು ಬಾಣಂತನಕ್ಕೆಂದು ತವರಿಗೆ ಬಂದು ಆಮೇಲೂ ಅಲ್ಲೇ ಉಳಿದವಳು, ಆಗ ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಗಟಾರ ಪಾಟೀಲನ ವಾಡೆಯ ಮುಂದೆ ಹಾದು ಊರ ಅಗಸಿ ಬಾಗಿಲಿಗೆ ಬಂದಾಗ ಅಪ್ಪ ಕೇಳಿದ.

"ಧಣಿ, ಇದರ ಬಾಯಿ ಯಾವ ಕಡಿ ಬಿಡ್ತೀರಿ?"

ಗುಂಡಪ್ಪ ಪಾಟೀಲ ಎಲೆ ಅಡಿಕೆ ಉಗುಳಿ ಹೇಳಿದ. "ಇಳಿಜಾರ ಎಲ್ಲಿ ಅದ ಅಲ್ಲಿ ಹರಿತದ. ನಾ ಏನ್ ನೀರಿಗಿ ದಾರಿ ತೋರಸ್ಲಿ?"

ಇಳಿಜಾರು ನಮ್ಮ ಕಡೆಗಿತ್ತು. ಯಾವಾಗಲೂ ನಮ್ಮ ಕಡೆಗೇ ಇರುತ್ತದೆ. ಇಡೀ ಊರಿನ ಮೋರಿ ನೀರು, ದನದ ಉಚ್ಚೆ, ಬಾಣಂತಿಯರ ಬಟ್ಟೆ ಒಗೆದ ನೀರು, ಎಲ್ಲ ನಮ್ಮ ಝರಾದ ಗುಂಡಿಗೆ ಇಳಿಯಿತು. ಗಟಾರದ ಬಾಯಿ ನಲವತ್ತು ಮೊಳ ಆಚೆ ತಿರುಗಿಸಿದ್ದರೆ ಹಳ್ಳಕ್ಕೆ ಹೋಗುತ್ತಿತ್ತು. ನಾವು ಕೇಳಿದ್ದು ಅಷ್ಟೇ. ನಲವತ್ತು ಮೊಳ.

ಕಚೇರಿ ಎದುರಿನ ಬೇವಿನ ಮರದ ಕೆಳಗೆ ಗಯಾಸುದ್ದೀನ್ ಎಂಬ ಮುದುಕ ಅರ್ಜಿ ಬರೆಯುತ್ತಿದ್ದ. ಉರ್ದು ಬರೆದು ಬೆಳೆದ ಕೈ. ಕಚೇರಿ ಕನ್ನಡಕ್ಕೆ ತಿರುಗಿದಾಗ ಮೊಮ್ಮಗಳ ಪಾಟಿಯ ಮೇಲೆ ಅಕ್ಷರ ತಿದ್ದಿ ಕಲಿತವನು. ನಮ್ಮ ಹತ್ತಿರ ಏನೂ ತೆಗೆದುಕೊಳ್ಳದೆ ಬರೆದುಕೊಟ್ಟ. ಮೊದಲ ಅರ್ಜಿ ತಾಲ್ಲೂಕಿನ ಸಾಹೇಬರಿಗೆ. ಎರಡನೆಯದು ಜಿಲ್ಲೆಯ ದೊಡ್ಡ ಸಾಹೇಬರಿಗೆ. ಮೂರನೆಯದು ಹಳ್ಳಿ ತಿರುಗಲು ದೌರೆಗೆ ಬಂದ ಇನ್ಯಾರೋ ದೊಡ್ಡವರ ಕೈಗೆ. ಕೇರಿಯ ಮೂವತ್ತೊಂದು ಜನ ಒಂದೊಂದಕ್ಕೂ ಹೆಬ್ಬೆಟ್ಟು ಒತ್ತಿದೆವು. ನಾನೊಬ್ಬಳೇ ಸಹಿ ಮಾಡಿದವಳು. ರಜಾಕಾರರ ಗದ್ದಲ ಮುಗಿದ ಮೇಲೆ ಹುಮನಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ನಾಲ್ಕನೇ ಇಯತ್ತೆ ಓದಿದ್ದೆ.

ಅರ್ಜಿ ಏನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಈಗ ಗೊತ್ತು. ಮೇಲಿನವನು ಅದರ ಮೂಲೆಯಲ್ಲಿ ಎರಡು ಅಕ್ಷರ ಬರೆದು ಕೆಳಗಿನವನಿಗೆ ಕಳಿಸುತ್ತಾನೆ. ಕೆಳಗಿನವನು ಇನ್ನೂ ಕೆಳಗಿನವನಿಗೆ. ಕೊನೆಗೆ ಸಾಹೇಬ ಬರೆಯುತ್ತಾನೆ: ಊರ ಪಾಟೀಲರು ವಿಚಾರಿಸಿ ವರದಿ ಮಾಡತಕ್ಕದ್ದು. ಲಕ್ಕೋಟೆಗೆ ಅರಗು ಬೀಳುತ್ತದೆ. ಲಕ್ಕೋಟೆ ಚೀಲಕ್ಕೆ ಬೀಳುತ್ತದೆ. ಚೀಲ ನಮ್ಮಪ್ಪನ ಹೆಗಲಿಗೆ ಬೀಳುತ್ತದೆ.

ಪಾಟೀಲನ ಮೇಲೆ ನಾವು ಕೊಟ್ಟ ಅರ್ಜಿಯನ್ನು ಪಾಟೀಲನಿಗೆ ಮುಟ್ಟಿಸುವವನು ನಮ್ಮಪ್ಪ. ಪಾಟೀಲ ಬರೆದ ಉತ್ತರವನ್ನು ಕಚೇರಿಗೆ ಮುಟ್ಟಿಸುವವನೂ ನಮ್ಮಪ್ಪ. ಬಿಸಿಲಲ್ಲಿ, ಬರಿಗಾಲಲ್ಲಿ, ಮುದ್ರೆ ಬಿರಿಯದ ಹಾಗೆ. ವಾಡೆಯ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಪಾಟೀಲ ಬರೆದು ಮುಗಿಸಿ ಕಾಗದವನ್ನು ನೆಲಕ್ಕೆ ಹಾಕಿ ಮಸಿ ಡಬ್ಬಿಯನ್ನು ಕಾಲಿನಿಂದ ಸರಿಸುತ್ತಿದ್ದ.

"ಒತ್ತು ಮಚ್ಯಾ. ತಪಾಲು ಮುಟ್ಟಿದ ರಸೀದಿ."

ಅಪ್ಪ ಒತ್ತುತ್ತಿದ್ದ. ಆಮೇಲೆ ಪಾಟೀಲ ಕಾಗದ ಮಡಿಸಿ ಅರಗು ಹಾಕುತ್ತಿದ್ದ.

ಮೂರನೇ ಅರ್ಜಿ ಹೋದ ಮಳೆಗಾಲದಲ್ಲಿ ನನ್ನ ಮಗಳು ಅಂಬುಗೆ ಹದಿನಾಲ್ಕು ತಿಂಗಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಬೆಳಿಗ್ಗೆ ವಾಂತಿಭೇದಿ ಶುರುವಾಯಿತು. ಮಧ್ಯಾಹ್ನಕ್ಕೆ ಕಣ್ಣು ಗುಂಡಿ ಬಿದ್ದವು. ಹುಮನಾಬಾದಿನ ದವಾಖಾನೆಗೆಂದು ಎತ್ತಿಕೊಂಡು ಓಡಿದೆ. ಹೊರಡುವ ಮೊದಲು ಕೂಸು ಬಾಯಿ ಒಣಗಿ ನೀರಿಗೆ ಅಳುತ್ತಿತ್ತು. ಕೊಟ್ಟೆ. ಯಾವ ನೀರು ಕೊಟ್ಟೆ ಎಂದು ಯಾರೂ ನನ್ನನ್ನು ಕೇಳಬೇಡಿ. ಹುಮನಾಬಾದಿನ ಅಂಚಿನ ಮಾಣಿಕನಗರದ ಅಂಗಡಿಗಳು ಕಾಣುವಷ್ಟರಲ್ಲಿ ಕೂಸು ಸೊಂಟದ ಮೇಲೆ ತಣ್ಣಗಾಗಿತ್ತು. ಅದೇ ವಾರ ಕೇರಿಯಲ್ಲಿ ಇನ್ನೂ ಎರಡು ಕೂಸು ಹೋದವು.

ನಾಲ್ಕನೇ ಅರ್ಜಿ ಬೆಂಗಳೂರಿಗೆ ಬರೆಸಿದೆವು, ಸೀದಾ ಮಂತ್ರಿಗಳಿಗೆ. ಸತ್ತ ಮೂರು ಕೂಸುಗಳ ಹೆಸರು ಹಾಕಿಸಿದೆವು. ಗಯಾಸುದ್ದೀನ್ ಬರೆಯುತ್ತಾ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡ. "ಈ ಸಲಾ ಕೇಳ್ತಾರಮ್ಮಾ. ಮ್ಯಾಲಿನವ್ರಿಗೂ ಮಕ್ಕಳು ಮರಿ ಇರ್ತಾವ" ಎಂದ.

ಎರಡು ತಿಂಗಳ ಮೇಲೆ ಅದು ಬೆಂಗಳೂರಿನಿಂದ ಇಳಿಯಿತು. ಜಿಲ್ಲೆಗೆ ಇಳಿಯಿತು. ತಾಲ್ಲೂಕಿಗೆ ಇಳಿಯಿತು. ನಮ್ಮಪ್ಪನ ಚೀಲಕ್ಕೆ ಇಳಿಯಿತು. ನಿಮ್ಮ ಬೆಂಗಳೂರಿನ ಅರ್ಜಿ ಬಂದಿದೆ ಎಂದು ಈ ಸಲ ಕಚೇರಿಯ ಜವಾನ ಅಪ್ಪನಿಗೆ ಹೇಳಿದ್ದ.

ಅದರ ವರದಿ ಬರೆಯುವಾಗ ಅಪ್ಪ ಕೈ ಮುಗಿದು ಪಾಟೀಲನಿಗೆ ಹೇಳಿದನಂತೆ, "ಧಣಿ, ನಮ್ಮ ಕೂಸಿನ ಸುದ್ದಿ ಬರೀರಿ." ಪಾಟೀಲ ತಲೆ ಎತ್ತದೆ, "ಬರ್ದೀನಿ, ಬರ್ದೀನಿ. ಹೆಬ್ಬೆಟ್ಟು ಒತ್ತು" ಎಂದನಂತೆ.

ಆ ದಿನ ನಾನೂ ಅಪ್ಪನ ಜೊತೆ ಹೊರಟೆ. ಕಚೇರಿಯ ಸಾಹೇಬ ಓದುವಾಗ ಅವನ ಮುಖ ನೋಡಬೇಕಿತ್ತು. ಆರು ಮೈಲು ನಡೆದು ಒಂದು ಹುಣಸೆ ಮರದ ನೆರಳಲ್ಲಿ ಕೂತೆವು. ಅಪ್ಪ ಚೀಲವನ್ನು ನೆಲಕ್ಕೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡ.

"ಯಪ್ಪಾ, ಅಂಬೂನ ಹೆಸರು ಸರಿ ಬರ್ದಾರೋ ಇಲ್ಲೋ?"

"ಬರ್ದೀನಿ ಅಂದಾರಲ್ಲ."

"ನನಗ ನೋಡಬೇಕು."

"ಹುಚ್ಚಿ ಇದ್ದೀ ಏನು? ಸರ್ಕಾರಿ ಮುದ್ರಿ ಅದ."

ಆದರೂ ಅವನೇ ಚೀಲದ ಬಾಯಿ ಬಿಚ್ಚಿದ. ಲಕ್ಕೋಟೆ ಹೊರಗೆ ತೆಗೆದ. ಅರಗಿನ ಮೇಲೆ ಬೆರಳು ಸವರಿದ.  ಗುಮಾನಿಯಿಂದಲ್ಲ. ಗುಮಾನಿ ಅನ್ನುವುದು ಅವನ ರಕ್ತದಲ್ಲೇ ಇರಲಿಲ್ಲ. ಸರ್ಕಾರದ ಕಾಗದದಲ್ಲಿ ತನ್ನ ಮೊಮ್ಮಗಳ ಹೆಸರು ಹೇಗಿರುತ್ತದೆ ಎಂದು ಕಿವಿಯಾರೆ ಕೇಳುವ ಆಸೆ. ಅದೊಂದು ಆಸೆಗೆ ನಾಲ್ವತ್ತು ವರ್ಷದ ಇಮಾನು ಬಿಟ್ಟ. ಉಗುರಿನಿಂದ ಮುದ್ರೆ ಒಡೆದ.

"ಓದವ್ವಾ. ದೊಡ್ಡ ದನಿಲೇ ಓದು."

ಓದಿದೆ. ಇಪ್ಪತ್ತಾರು ವರ್ಷವಾಯಿತು, ಅಕ್ಷರ ಅಕ್ಷರವೂ ನೆನಪಿದೆ. "ಸ್ಥಳ ತನಿಖೆ ಮಾಡಲಾಯಿತು. ಗಟಾರವು ಹರಿಜನರ ನೀರಿನ ಗುಂಡಿಯಿಂದ ಇನ್ನೂರು ಗಜ ದೂರ ಇರುತ್ತದೆ. ಸದರಿ ನೀರು ಶುದ್ಧವಿರುತ್ತದೆ. ಕೇರಿಯಲ್ಲಿ ಯಾವುದೇ ರೋಗರುಜಿನ ಇರುವುದಿಲ್ಲ. ಅರ್ಜಿದಾರರು ಅನ್ಯರ ಮಾತು ಕೇಳಿ ಅರ್ಜಿ ಕೊಟ್ಟಿದ್ದು, ಈಗ ಸಮಾಧಾನದಿಂದ ಇರುತ್ತಾರೆ. ಎಲ್ಲರ ಪರವಾಗಿ ಮಚ್ಚೇಂದ್ರನು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾನೆ."

ಅಪ್ಪ ಕಾದ. ಇನ್ನೂ ಇದೆ ಅಂದುಕೊಂಡ.

"ಅಂಬೂನ ಹೆಸರೆಲ್ಲಿ ಅದ?"

"ಇಲ್ಲಪ್ಪಾ."

"ಕೆಳಗ ನೋಡು."

ಕೆಳಗೆ ಹೆಬ್ಬೆಟ್ಟಿನ ಗುರುತು ಇತ್ತು. ನಡುವೆ ಅಡ್ಡ ಗೀರು. ಕಟ್ಟಿಗೆ ಸೀಳುವಾಗ ಕೊಡಲಿ ತಾಗಿದ ಗಾಯದ ಗೀರು ಅದು. ಅಪ್ಪ ಕಾಗದವನ್ನೂ ತನ್ನ ಬೆರಳನ್ನೂ ಅಕ್ಕಪಕ್ಕ ಹಿಡಿದು ನೋಡಿದ.

"ರಸೀದಿ ಅಂದಿದ್ನಲ್ಲ" ಎಂದ. "ಹಿಂದಿನ ಮೂರ್ ಸಲಾನೂ ಒತ್ತೀನಿ" ಎಂದ. ಆಮೇಲೆ ಕಾಗದವನ್ನು ಒಡೆದ ಲಕ್ಕೋಟೆಗೆ ಹಾಕಿ ಚೀಲ ಹೆಗಲಿಗೇರಿಸಿ ಎದ್ದ. 

ಅಲ್ಲಿಂದ ಊರಿಗೆ ತಿರುಗುತ್ತಾನೆ ಎಂದುಕೊಂಡೆ. ತಿರುಗಲಿಲ್ಲ. ಉಳಿದ ಆರು ಮೈಲು ನನಗಿಂತ ಮುಂದೆ ನಡೆದ.

ತಪಾಲನ್ನು ಅವನು ಯಾವಾಗಲೂ ಕಚೇರಿಯ ಮೆಟ್ಟಿಲ ಮೇಲೆ ಇಟ್ಟು ಸರಿದು ನಿಲ್ಲುತ್ತಿದ್ದ. ಜವಾನ ಬಂದು ಎತ್ತಿಕೊಳ್ಳುತ್ತಿದ್ದ. ಆ ದಿನ ಮೆಟ್ಟಿಲು ಹತ್ತಿದ. ಹೊಸ್ತಿಲು ದಾಟಿದ. ಒಡೆದ ಲಕ್ಕೋಟೆಯನ್ನು ಸಾಹೇಬನ ಮೇಜಿನ ಮೇಲೇ ಇಟ್ಟ. ನಾನು ಹೊಸ್ತಿಲಲ್ಲಿ ನಿಂತಿದ್ದೆ.

ಸಾಹೇಬ ಕಾಗದ ನೋಡಲಿಲ್ಲ. ಅರಗು ನೋಡಿದ.

"ಯಾರ್ ಒಡದದ್ದು?"

"ನಾನೇ ರಿ."

"ಸರ್ಕಾರಿ ಮುದ್ರಿ ಒಡದ್ರ ಸಜಾ ಅದ, ಗೊತ್ತದ ಇಲ್ಲ?"

"ಗೊತ್ತದ ರಿ. ಅದ್ರಾಗಿಂದು ಸುಳ್ಳದ ರಿ. ಹಿಂದಿನ ಮೂರೂ ಸುಳ್ಳವ. ತಗಸಿ ನೋಡ್ರಿ."

ಸಾಹೇಬನಿಗೆ ಏನನ್ನಿಸಿತೋ, ಫೈಲು ತರಿಸಿದ. ನಾಲ್ಕೂ ವರದಿ ಮೇಜಿನ ಮೇಲೆ ಸಾಲಾಗಿ ಬಂದವು. ನಾಲ್ಕರಲ್ಲೂ ಅದೇ ಶುದ್ಧ ನೀರು, ನಾಲ್ಕರಲ್ಲೂ ಅದೇ ಸಮಾಧಾನ, ನಾಲ್ಕರಲ್ಲೂ ಅಡ್ಡ ಗೀರಿನ ಹೆಬ್ಬೆಟ್ಟು.

"ಇದು ನಿಂದೇ ಅಲ್ಲ?"

"ನಂದೇ ರಿ."

"ಮತ್ತ ಸುಳ್ಳು ಹ್ಯಾಂಗಾಗ್ತದ?"

 ನಾನು ಹೊಸ್ತಿಲಿಂದಲೇ ಹೇಳಿದೆ. "ಮೂರು ಕೂಸು ಸತ್ತಾವ ರಿ. ಒಂದು ನಂದು. ಜೀಪಿನ್ಯಾಗ ಕುಂತು ಬಂದು ನೋಡ್ರಿ. ಹನ್ನೆರಡೇ ಮೈಲು ಅದ."

ಅವನು ನನ್ನ ಕಡೆ ನೋಡಲಿಲ್ಲ. ಪೆನ್ನು ತೆಗೆದು ಅರ್ಜಿಯ ಮೂಲೆಯಲ್ಲಿ ಮತ್ತೆ ಬರೆದ. ಏನು ಬರೆದನೆಂದು ಹೊಸ್ತಿಲಿಂದಲೇ ನನಗೆ ಅರ್ಥವಾಯಿತು. ಊರ ಪಾಟೀಲರು ಮರು ವಿಚಾರಣೆ ಮಾಡಿ ವರದಿ ಮಾಡತಕ್ಕದ್ದು. ಗುಮಾಸ್ತ ಹೊಸ ಲಕ್ಕೋಟೆಗೆ ಅರಗು ಬಿಟ್ಟ. ಸಾಹೇಬ ಅದನ್ನು ಅಪ್ಪನ ಕಡೆ ಎಸೆದ. ಅದು ಎದೆಗೆ ತಾಗಿ ಕಾಲ ಬಳಿ ಬಿತ್ತು.

"ಇದು ಪಾಟೀಲಗ ಮುಟ್ಟಸು. ಸಜಾದ ಮಾತು ಆಮ್ಯಾಲ."

ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಬೆನ್ನಿಗೆ ಚೀಲದ ಪಟ್ಟಿ ಉಜ್ಜಿ ಉಜ್ಜಿ ಕರ್ರಗಾದ ಗೆರೆ ಹರಿದ ಅಂಗಿಯೊಳಗಿಂದ ಕಾಣುತ್ತಿತ್ತು.

"ನಾ ಒಯ್ಯಂಗಿಲ್ರಿ."

"ಏನಂದಿ?"

"ಒಯ್ಯಂಗಿಲ್ರಿ. ನನ್ನ ಮ್ಯಾಲಿನ ಸುಳ್ಳು ನಾನೇ ಹೊತ್ತೀನಿ, ನಾಲ್ಕ್ ಸಲ. ಇನ್ ಹೊರಂಗಿಲ್ಲ. ನನ್ನ ಕೇರ್ಯಾಗ ಬ್ಯಾರೆ ಯಾರೂ ಹೊರಂಗಿಲ್ಲ."

ಜವಾನ ಕಪಾಳಕ್ಕೆ ಹೊಡೆದ. ಅಪ್ಪ ಕೈ ಮುಂದೆ ತರಲಿಲ್ಲ. ಇನ್ನೊಂದು ಹೊಡೆದ. ತುಟಿ ಒಡೆಯಿತು. ಲಕ್ಕೋಟೆ ನೆಲದ ಮೇಲೇ ಇತ್ತು. ಪೊಲೀಸರು ಬರುವವರೆಗೂ ಅಲ್ಲೇ ಇತ್ತು. ಕೊನೆಗೆ ಗುಮಾಸ್ತನೇ ಬಗ್ಗಿ ಎತ್ತಿಕೊಂಡ.

ಹದಿನೇಳು ತಿಂಗಳು ನಮ್ಮ ಅರ್ಜಿಗೆ ಕಣ್ಣು ತೆರೆಯದ ಸರ್ಕಾರ ಅರಗಿನ ಮುದ್ರೆಗೆ ಎಂಟು ದಿನದಲ್ಲಿ ನ್ಯಾಯ ಕೊಟ್ಟಿತು. ಅಪ್ಪನಿಗೆ ಒಂದು ತಿಂಗಳ ಸಜಾ.

ಪೊಲೀಸರು ಅಪ್ಪನನ್ನು ಕರೆದೊಯ್ದ ಮರುದಿನ ನಸುಕಿನಲ್ಲೇ ಹೊರಟು ಒಬ್ಬಳೇ ಊರಿಗೆ ನಡೆದು ಬಂದೆ. ಝರಾದ ಹತ್ತಿರ ನನ್ನವ್ವ ಗಿರಿಜಾಬಾಯಿ ನೀರಿನ ಮೇಲಿನ ನೊರೆ ಸರಿಸಿ ಚಿಪ್ಪು ಮುಳುಗಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಚಿಪ್ಪನ್ನು ಕಲ್ಲಿಗೆ ಹೊಡೆದು ಒಡೆದಳು.

"ಗಟಾರ ಕಟ್ಟಿದೋರು ಯಾರು?" ಎಂದು ಕೇಳಿದಳು.

"ನಾವೇ."

"ಹಂಗಾದ್ರ ನಡಿ."

ಕೇರಿಯ ಹೆಂಗಸರೆಲ್ಲ ಬಂದರು. ದಿಬ್ಬದ ಕೆಂಪು ಕಲ್ಲು ಹೊತ್ತೆವು. ಕೇಶರಬಾಯಿ ಎಂಬ ಮುದುಕಿ ಎರೆಮಣ್ಣು ತುಳಿದು ಹದ ಮಾಡಿದಳು, ಅವಳ ಮೊಮ್ಮಗನೂ ಆ ಮೂರರಲ್ಲಿ ಒಬ್ಬ. ಅಗಸಿಯ ಬಳಿ ಗಟಾರದ ಬಾಯಿಗೆ ಇಳಿದೆವು. ಮೊಣಕಾಲಿನವರೆಗೆ ಊರಿನ ಹೊಲಸು. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಮಣ್ಣು, ಮಣ್ಣಿಗೆ ಹುಲ್ಲು. ಹೊತ್ತು ಮುಳುಗುವ ಮುಂಚೆ ಬಾಯಿ ಮುಚ್ಚಿತು. ಅದೇ ಕೈಯಿಂದ ಕಟ್ಟಿದ್ದನ್ನು ಅದೇ ಕೈಯಿಂದ ಮುಚ್ಚುವಾಗ ನನಗೆ ಖುಷಿಯಾಯಿತು. ಮುಚ್ಚಿಟ್ಟುಕೊಳ್ಳುವುದೇನಿದೆ, ಬಹಳ ಖುಷಿಯಾಯಿತು.

ಮರುದಿನ ಹೊಲಸು ಹಿಂದಕ್ಕೆ ತಿರುಗಿ ಪಾಟೀಲನ ವಾಡೆಯ ಮುಂದೆ ನಿಂತಿತು. ಮೂರನೇ ದಿನ ಹೊಸ್ತಿಲು ಏರಿತು. ಪಾಟೀಲನ ಆಳುಗಳು ಬಡಿಗೆ ಹಿಡಿದು ಬಂದರು. ನಾವು ಗಟಾರದೊಳಗೇ ನಿಂತಿದ್ದೆವು. ಅವರು ಅಂಚಿಗೆ ಬಂದು ನಿಂತರು. ಬೈದರು. ಕಲ್ಲು ಎಸೆದರು. ಅವ್ವನ ಹಣೆ ಒಡೆಯಿತು. ಆದರೆ ಯಾರೂ ಇಳಿಯಲಿಲ್ಲ. ಇಳಿಯುವ ಹಾಗಿರಲಿಲ್ಲ. ಗಟಾರಕ್ಕೆ ಕೈ ಹಾಕುವುದು ಹೊಲೆಯರ ಕೆಲಸ. ನಮ್ಮನ್ನು ತುಳಿಯಲೆಂದು ಅವರ ಹಿರಿಯರು ಮಾಡಿಟ್ಟ ಕಟ್ಟಳೆ ಅವರ ಕಾಲಿಗೇ ತೊಡರಿತ್ತು.

ಐದನೇ ದಿನ ಗುಂಡಪ್ಪ ಪಾಟೀಲ ಸ್ವತಃ ಬಂದ. ಕೇರಿಯ ಕಡೆ ಅವನು ನಡೆದು ಬಂದದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಮೂಗಿಗೆ ಧೋತರದ ಚುಂಗು. ಕೈಯಲ್ಲಿ ಲಕ್ಕೋಟೆ.

"ಏ ದುರ್ಪಿ," ಎಂದು ನನ್ನನ್ನು ಕರೆದ. "ತಪಾಲು ಅದ. ಕಚೇರಿಗಿ ಮುಟ್ಟಸ್ರಿ. ನಿಮ್ಮಪ್ಪ ಇಲ್ಲಂದ್ರ ಇನ್ನೊಬ್ಬರು ಒಯ್ರಿ. ಅದು ನಿಮ್ಮ ಮನೆತನದ ಚಾಕರಿ."

"ಏನ್ ಬರ್ದೀರಿ?" ಎಂದೆ.

"ನಿನಗ್ಯಾಕ ಬೇಕು?"

"ಓದಿ ಹೇಳ್ರಿ. ಓದ್ಲಾರದ ಯಾವ ಕಾಗದನೂ ಈ ಕೇರಿ ಇನ್ ಮುಟ್ಟಂಗಿಲ್ಲ."

ಸುತ್ತ ಕೇರಿ ಪೂರಾ ನಿಂತಿತ್ತು. ಅವನ ಹಿಂದೆ ನಾರುತ್ತಿದ್ದ ಊರು. ಬಿಸಿಲೇರುತ್ತಿತ್ತು. ಕೊನೆಗೆ ಅವನು ಓದಿದ, ಹಲ್ಲು ಕಚ್ಚಿಕೊಂಡು. ಊರಿನ ಹಿರಿಯರ ಅರ್ಜಿ. ಹೊಲಸು ನೀರು ಮನೆ ಬಾಗಿಲಿಗೆ ನಿಂತು ದುರ್ನಾತ ಹೊಡೆಯುತ್ತದೆ. ಬಾವಿಗೆ ಇಳಿಯುವ ಭಯವಿದೆ. ಸಣ್ಣ ಮಕ್ಕಳಿಗೆ ವಾಂತಿಭೇದಿ ಆದೀತು. ಸಾಹೇಬರು ದಯಮಾಡಿ ಬಂದು ನೋಡಬೇಕು.

ಅವ್ವ ಹಣೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಮುಂದೆ ಬಂದಳು.

"ಇದು ನಮ್ಮ ಅರ್ಜಿನೇ ಅದ. ನೀವು ಸುಳ್ಳಂತ ಬರ್ದಿದ್ರಲ್ಲ, ಅದೇ. ಇದ್ರಾಗ ಮಕ್ಕಳು ಸಾಯೋ ಮಾತು ಆದೀತು ಅಂತ ಅದ. ನಮ್ಮದ್ರಾಗ ಆಗ್ಯಾದ ಅಂತ ಇತ್ತು. ನೀವೇ ಹೊತ್ಕೊಂಡು ನಡೀರಿ. ಹನ್ನೆರಡು ಮೈಲು ಆಗ್ತದ."

ಪಾಟೀಲನ ಮಗ ಸೈಕಲ್ಲಿನ ಮೇಲೆ ಒಯ್ದ. ಸಾಹೇಬ ಮೂರನೇ ದಿನ ಜೀಪಿನಲ್ಲಿ ಬಂದ. ಮೂಗು ಮುಚ್ಚಿಕೊಂಡು ನೋಡಿದ. ನಲವತ್ತು ಮೊಳ ತಿರುಗಿಸಲು ಹುಕುಂ ಕೊಟ್ಟ. ಆ ನಲವತ್ತು ಮೊಳವನ್ನೂ ನಾವೇ ಅಗೆದೆವು. ಝರಾದ ಗುಂಡಿ ಮೂರು ಸಲ ಬರಿದು ಮಾಡಿ, ಸುಣ್ಣ ಹಾಕಿ, ತಿಂಗಳು ಬಿಟ್ಟು ಕುಡಿದೆವು.

ಅಪ್ಪ ಸಜಾ ಮುಗಿಸಿ ಬಂದವನು ಮೊದಲು ಝರಾಕ್ಕೆ ಹೋದ. ಬೊಗಸೆಯಲ್ಲಿ ನೀರು ಹಿಡಿದು ನೋಡಿದ. ಕುಡಿಯಲಿಲ್ಲ.

"ಯಾರ ಅರ್ಜಿ ಮ್ಯಾಲ ಮಾಡಿದ್ರು?" ಎಂದು ಕೇಳಿದ.

"ಅವರ ಅರ್ಜಿ ಮ್ಯಾಲ."

"ನಮ್ಮ ನಾಲ್ಕು?"

"ಫೈಲಿನ್ಯಾಗ ಅವ."

ನೀರು ಬೆರಳ ಸಂದಿಯಿಂದ ಸೋರಿ ಹೋಯಿತು. ಅಡ್ಡ ಗೀರಿನ ಹೆಬ್ಬೆಟ್ಟನ್ನು ಮಣ್ಣು ಹಚ್ಚಿ ತಿಕ್ಕಿ ತೊಳೆದ. ಆಮೇಲೆ ಹೇಳಿದ.

"ಇನ್ನೊಂದು ಬರಿಯವ್ವಾ. ನೀರಿಂದಲ್ಲ. ನನ್ನ ಹೆಬ್ಬೆಟ್ಟು ವಾಪಸ್ ಕೊಡ್ರಿ ಅಂತ ಬರಿ. ನನ್ನ ಮೊಮ್ಮಗಳು ಸತ್ತಿಲ್ಲಂತ ನಾ ಎಲ್ಲೂ ಒತ್ತಿಲ್ಲಂತ ಬರಿ."

ಆ ಅರ್ಜಿಯನ್ನು ಗಯಾಸುದ್ದೀನ್ ಬರೆಯಲಿಲ್ಲ. ನಾನೇ ಬರೆದೆ. ಅಂಬು, ವಯಸ್ಸು ಹದಿನಾಲ್ಕು ತಿಂಗಳು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ನಾನೇ ಒಯ್ದು ಮೇಜಿನ ಮೇಲೆ ಇಟ್ಟು ರಸೀದಿ ಬರೆಸಿಕೊಂಡೆ, ಓದಿ ನೋಡಿ ತೆಗೆದುಕೊಂಡೆ. ಅಪ್ಪ ಸತ್ತು ಒಂಬತ್ತು ವರ್ಷವಾಯಿತು. ಸಾಯುವವರೆಗೂ ಯಾವ ಕಾಗದಕ್ಕೂ ಬೆರಳು ಕೊಡಲಿಲ್ಲ. ವರ್ಷಕ್ಕೊಮ್ಮೆ ನಾನು ಕಚೇರಿಗೆ ಹೋಗುತ್ತೇನೆ. ರಸೀದಿ ತೋರಿಸುತ್ತೇನೆ. ಹೊಸ ಗುಮಾಸ್ತರು ಫೈಲು ತೆಗೆಯುತ್ತಾರೆ, ಹೆಬ್ಬೆಟ್ಟಿನ ಆ ನಾಲ್ಕು ವರದಿ ಓದುತ್ತಾರೆ, ನನ್ನ ಮುಖ ನೋಡುತ್ತಾರೆ.

"ಇದ್ರಾಗ ನೀವು ಸಮಾಧಾನದಿಂದ ಇದ್ದೀರಿ ಅಂತ ಅದ ಅಲ್ಲಮ್ಮಾ" ಅನ್ನುತ್ತಾರೆ.